ಕುಲಪತಿಶಬ್ದವಿಚಾರ: ವಿಶ್ವವಿದ್ಯಾನಿಲಯಗಳ ಆಡಳಿತ ಚರಿತ್ರೆಯನ್ನು ಕುರಿತು ಒಂದು ವಿಮರ್ಶೆ

೧

ವಿಶ್ವವಿದ್ಯಾನಿಲಯಗಳ ಆಡಳಿತಕ್ಕೆ ಸಂಬಂಧಿಸಿದಂತೆ ನಮ್ಮ ಭಾಷೆಯಲ್ಲಿ ಈಗ ರೂಢವಾಗಿರುವ ಕುಲಾಧಿಪತಿ, ಕುಲಪತಿ, ಕುಲಸಚಿವ ಎಂಬ ಮೂರು ಶಬ್ದಗಳನ್ನು ವಾಚಕರೆಲ್ಲರೂ ಬಲ್ಲರು. ಇವುಗಳ ಮೂಲಾರ್ಥವನ್ನು ವಿಚಾರಿಸಿ, ಆ ಅರ್ಥವು ನಮ್ಮ ರಾಜ್ಯದ ಮೊದಲನೆಯ ವಿಶ್ವವಿದ್ಯಾನಿಲಯವಾದ ಮೈಸೂರು ವಿಶ್ವವಿದ್ಯಾನಿಲಯದ ಚರಿತ್ರೆಗೆ ಎಷ್ಟುಮಟ್ಟಿಗೆ ಸಲ್ಲುವುದೆಂಬುದನ್ನು ನೋಡುವುದೂ, ಆ ಚರಿತ್ರೆಯನ್ನು ಬರೆಯುವ ನಮ್ಮ ವಾಡಿಕೆಯ ಕ್ರಮದಲ್ಲಿ ಒಂದು ದೋಷವುಂಟೆಂಬುದನ್ನು ತೋರಿಸುವುದೂ ಈ ಲೇಖನದ ಉದ್ದೇಶ.

ಈ ವಿಚಾರಕ್ಕೆ ನನ್ನನ್ನು ತೊಡಗಿಸಿದ ಪ್ರಸಂಗವು ಅಲ್ಪವಾದುದು. ದೊಡ್ಡಬಳ್ಳಾಪುರ ತಾಲ್ಲೂಕಿನ ಸಾಸಲಿನಲ್ಲಿ ನನ್ನ ಬಳಿ ಕೆಲವು ಕಾಲ ಅಮರಕೋಶವನ್ನು ಓದಿದ ಒಬ್ಬ ವಿದ್ಯಾರ್ಥಿನಿಯು ಮುಂದೆ ಕಾಲೇಜಿಗೆ ಸೇರಿ ಪದವಿಯನ್ನು ಮುಗಿಸಿದಳು. ಆಕೆಗೆ ಒಂದು ಕೆಲಸವು ದೊರೆಯುವಂತಿದ್ದಿತು. ಪ್ರಮಾಣಪತ್ರವು ಮಾತ್ರ ಬರಲಿಲ್ಲ. ಆ ಸಂಸ್ಥೆಯ ಹೆಸರು ಇಲ್ಲಿ ಬೇಡ. ವಿಚಾರಿಸಿದಾಗಲೆಲ್ಲ ದೊರೆತ ಉತ್ತರವು, ಹಿಂದಿನ ಕುಲಪತಿಗಳ ಅವಧಿಯು ಮುಗಿದಿದೆ, ಹೊಸಬರು ಬಂದಿಲ್ಲ, ಈಗ ಇರುವವರು ಪ್ರಭಾರದವರು, ರುಜುವಾಗಬೇಕು ಎಂಬುದೇ. ಆಕೆಯು ಒಂದು ದಿನ ನನ್ನಲ್ಲಿಗೆ ಬಂದು, "ಅಯ್ಯನವರೆ, ಕುಲಪತಿ ಎಂಬುದಕ್ಕೆ ಕೋಶದಲ್ಲಿ ಏನು ಅರ್ಥ?" ಎಂದು ಕೇಳಿದಳು. ಆ ಪ್ರಶ್ನೆಯಲ್ಲಿ ಕುತೂಹಲಕ್ಕಿಂತ ವ್ಯಥೆಯೇ ಹೆಚ್ಚಾಗಿದ್ದಿತು. ಆಗ ನಾನು ಬಾಯಿಪಾಠವಾಗಿ ಬಂದುದನ್ನು ಹೇಳಿ ಕಳುಹಿಸಿದೆನು; ಆದರೆ ಸರಿಯಾದ ಉತ್ತರವನ್ನು ಕೊಟ್ಟೆನೆಂಬ ತೃಪ್ತಿಯು ನನಗೆ ಉಂಟಾಗಲಿಲ್ಲ.

೨

ವ್ಯಾಖ್ಯಾತೃಗಳು ಸಾಮಾನ್ಯವಾಗಿ ಉದಾಹರಿಸುವ ಲಕ್ಷಣದ ಪ್ರಕಾರ, ಹತ್ತು ಸಾವಿರ ಮಂದಿ ಮುನಿಗಳನ್ನು ಅನ್ನದಾನಾದಿಗಳಿಂದ ಪೋಷಿಸಿ ಅವರಿಗೆ ಅಧ್ಯಾಪನ ಮಾಡಿಸುವ ವಿಪ್ರರ್ಷಿಯು ಕುಲಪತಿ ಎನಿಸಿಕೊಳ್ಳುವನು. ಇಲ್ಲಿ ಎರಡು ಧರ್ಮಗಳು ಹೇಳಲ್ಪಟ್ಟಿವೆ: ಪೋಷಣ, ಅಧ್ಯಾಪನ. ಆಜ್ಞೆ ಮಾಡುವುದು, ಸಭೆಗಳಲ್ಲಿ ಅಗ್ರಾಸನವನ್ನು ವಹಿಸುವುದು, ಮುದ್ರೆಯನ್ನು ಒತ್ತುವುದು ಮುಂತಾದುವು ಲಕ್ಷಣದಲ್ಲಿ ಸೇರಿಲ್ಲ.

ಲಕ್ಷಣಕ್ಕಿಂತಲೂ ಲಕ್ಷ್ಯವು ಹೆಚ್ಚು ಪ್ರಯೋಜನಕಾರಿಯಾದುದು. ಮೂರು ಪ್ರಯೋಗಗಳನ್ನು ನೋಡೋಣ.

ಮೊದಲನೆಯದು ಮಹಾಭಾರತದ ಆದಿಪರ್ವದಲ್ಲಿರುವುದು. ನೈಮಿಷಾರಣ್ಯದಲ್ಲಿ ಹನ್ನೆರಡು ವರ್ಷಗಳ ಸತ್ರವು ನಡೆಯುತ್ತಿರುವಾಗ ಸೂತಪುತ್ರನಾದ ಉಗ್ರಶ್ರವಸ್ಸು ಅಲ್ಲಿಗೆ ಬರುವನು. ಆ ಸತ್ರವು ಕುಲಪತಿಯಾದ ಶೌನಕನದು. ಈ ಶೌನಕನು ಇಡೀ ಗ್ರಂಥದಲ್ಲಿ ಮಾಡುವ ಕಾರ್ಯವೇನು? ತನ್ನ ಕರ್ಮಗಳನ್ನು ಕ್ರಮವಾಗಿ ಮುಗಿಸಿಕೊಂಡು, ಋಷಿಗಳು ಕುಳಿತಿರುವಲ್ಲಿಗೆ ತಾನೇ ಬಂದು, ಪ್ರಶ್ನೆ ಮಾಡುತ್ತಾನೆ, ಕೇಳುತ್ತಾನೆ. ಹೇಳುವವನಾದರೋ ಸೂತನು. ಕುಲಪತಿಯ ಮೂರನೆಯ ಧರ್ಮವಾದ ಶ್ರವಣವು ಇಲ್ಲಿ ಸಿದ್ಧವಾಗುತ್ತದೆ.

ಎರಡನೆಯದು ರಘುವಂಶದ ಮೊದಲನೆಯ ಸರ್ಗದ ಕೊನೆಯಲ್ಲಿರುವುದು. ದಿಲೀಪನು ಕುಲಪತಿಯಾದ ವಸಿಷ್ಠನು ತೋರಿಸಿದ ಎಲೆಮನೆಯಲ್ಲಿ ಪತ್ನಿಯೊಡನೆ ರಾತ್ರಿಯನ್ನು ಕಳೆಯುತ್ತಾನೆ. ಬೆಳಗಾಯಿತೆಂದು ಅವನಿಗೆ ತಿಳಿಸಿದುದು ಯಾವುದು? ವಂದಿಮಾಗಧರ ಹೊಗಳಿಕೆಯಲ್ಲ, ಶಿಷ್ಯರು ಪಾಠ ಮಾಡುವ ಧ್ವನಿ. ರಾಜನು ಬಂದಿರುವನೆಂದು ಆಶ್ರಮದ ಪಾಠವು ನಿಲ್ಲಲೂ ಇಲ್ಲ, ಬದಲಾಗಲೂ ಇಲ್ಲ. ಕಾಳಿದಾಸನು ಇದನ್ನು ಒಂದು ವಿಶೇಷಣದಲ್ಲಿ ಅಡಗಿಸಿಟ್ಟು ಮುಂದಕ್ಕೆ ಹೋಗಿದ್ದಾನೆ.

ಮೂರನೆಯದು ಎಲ್ಲರಿಗೂ ಪರಿಚಿತವಾದ ಶಾಕುಂತಲ. ದುಷ್ಯಂತನು ಆಶ್ರಮಕ್ಕೆ ಬಂದಾಗ ಕುಲಪತಿಯಾದ ಕಣ್ವನು ಇರುವುದಿಲ್ಲ. ಮಗಳ ದೈವಪ್ರಾತಿಕೂಲ್ಯವನ್ನು ಶಮನಗೊಳಿಸುವುದಕ್ಕಾಗಿ ಸೋಮತೀರ್ಥಕ್ಕೆ ಹೋಗಿರುವನು. ಅತಿಥಿಸತ್ಕಾರದ ಭಾರವು ಶಕುಂತಲೆಯ ಮೇಲೆ ಬಿದ್ದಿದೆ. ಈಗಿನ ಮಾತಿನಲ್ಲಿ ಹೇಳುವುದಾದರೆ ಆಶ್ರಮವು ಪ್ರಭಾರದಲ್ಲಿದೆ. ಅದರ ಫಲವನ್ನು ಕವಿಯು ಎರಡು ಕಡೆ ತೋರಿಸಿದ್ದಾನೆ. ಎರಡನೆಯ ಅಂಕದ ಕೊನೆಗೆ ಋಷಿಕುಮಾರರು ರಾಜನ ಬಳಿಗೆ ಬಂದು, ಕಣ್ವರ ಅಸಾನ್ನಿಧ್ಯದಿಂದ ರಾಕ್ಷಸರು ಇಷ್ಟಿಗೆ ವಿಘ್ನ ಮಾಡುತ್ತಿರುವರೆಂದು ಬಿನ್ನವಿಸುತ್ತಾರೆ. ನಾಲ್ಕನೆಯ ಅಂಕದ ಆರಂಭದಲ್ಲಿ ದುರ್ವಾಸನು ಬಂದು, ಕೂಗಿ, ಉತ್ತರ ಸಿಕ್ಕದೆ ಶಾಪವನ್ನು ಕೊಟ್ಟು ಹೋಗುತ್ತಾನೆ. ಅನ್ಯಮನಸ್ಕಳಾಗಿದ್ದುದು ಶಕುಂತಲೆಯ ತಪ್ಪೆಂದು ವಿಮರ್ಶಕರು ಹೇಳುವುದುಂಟು. ಆದರೆ ಕುಲಪತಿಯು ಹೊರಬೇಕಾದ ಭಾರವನ್ನು ಆ ಎಳೆಯ ಹೆಗಲು ಹೊತ್ತಿದ್ದಿತೆಂಬುದನ್ನೂ ನೆನೆಯಬೇಕು. ವಿಘ್ನವು ಯಾಗಕ್ಕೆ, ಶಾಪವು ಮಗಳಿಗೆ. ಕುಲಪತಿಯ ಪೀಠವು ಬರಿದಾಗಿದ್ದಾಗ ತೊಂದರೆಗೆ ಗುರಿಯಾಗುವವರು ಆಶ್ರಮದ ಮಕ್ಕಳೇ ಹೊರತು ಪೀಠಕ್ಕೆ ಸಂಬಂಧಪಟ್ಟವರಲ್ಲ. ನನ್ನ ವಿದ್ಯಾರ್ಥಿನಿಗೆ ನಾನು ಹೇಳಬೇಕಾಗಿದ್ದ ಉತ್ತರವು ಇದೇ.

೩

ಇಲ್ಲಿ ಒಂದು ಶಂಕೆ. ವೈಸ್ ಛಾನ್ಸಲರ್ ಎಂಬ ಅಧಿಕಾರಿಗೆ ಕನ್ನಡದಲ್ಲಿ ಮೊದಲು ಉಪಕುಲಪತಿ ಎಂದಲ್ಲವೆ ಹೇಳುತ್ತಿದ್ದುದು? ಆ ಕಾಲಕ್ಕೆ ಕುಲಪತಿಯೆಂದರೆ ಛಾನ್ಸಲರ್. ಈಗ ಅವರು ಕುಲಾಧಿಪತಿಗಳು, ಉಪಕುಲಪತಿಗಳು ಕುಲಪತಿಗಳು. ಹೀಗಿರುವಾಗ ಕಣ್ವ ಶೌನಕರ ಲಕ್ಷಣವನ್ನು ಯಾರಿಗೆ ಅನ್ವಯಿಸಬೇಕು? ಎಂದರೆ,

ಶಬ್ದವು ಬದಲಾಯಿಸಿದುದರಿಂದ ಅರ್ಥವು ಬದಲಾಯಿಸಲಿಲ್ಲ. ಪತಿ, ಅಧಿಪತಿ ಎಂಬ ಎರಡಕ್ಕೂ ಸಂಸ್ಕೃತದಲ್ಲಿ ಒಡೆಯನೆಂಬುದೇ ಅರ್ಥ. ಕುಲಪತಿಗಿಂತ ಕುಲಾಧಿಪತಿಯು ದೊಡ್ಡವನೆಂಬುದು ಶಾಸನದ ಸಂಕೇತದಿಂದ ಬಂದುದೇ ಹೊರತು ಶಬ್ದಶಕ್ತಿಯಿಂದ ಬಂದುದಲ್ಲ. ಒಂದು ಕುಲಕ್ಕೆ ಇಬ್ಬರು ಒಡೆಯರನ್ನು ಕಲ್ಪಿಸಿದ ತೊಡಕು ಮೂಲವಾದ ಇಂಗ್ಲಿಷ್ ವ್ಯವಸ್ಥೆಯಿಂದ ಬಂದುದು. ಅಲ್ಲಿಯೂ ಛಾನ್ಸಲರರು ಗೌರವಕ್ಕೆ, ವೈಸ್ ಛಾನ್ಸಲರರು ಕಾರ್ಯಕ್ಕೆ.

ಉಪಕುಲಪತಿ ಎಂಬ ಹಳೆಯ ಶಬ್ದವನ್ನು ಕೀಳೆಂದು ಎಣಿಸಿ ಬಿಟ್ಟುದು ನನಗೆ ಸರಿದೋರದು. ಉಪ ಎಂಬುದಕ್ಕೆ ಕೆಳಗಿನವನೆಂಬ ಅರ್ಥವೊಂದೇ ಇರುವುದಲ್ಲ. ಹತ್ತಿರ ಎಂಬ ಅರ್ಥವೂ ಉಂಟು. ಉಪಾಧ್ಯಾಯನೆಂದರೆ ಅಧ್ಯಾಯನಿಗಿಂತ ಕೆಳಗಿನವನೆಂದು ಯಾರೂ ಹೇಳುವುದಿಲ್ಲ. ಯಾರ ಹತ್ತಿರಕ್ಕೆ ಹೋಗಿ ಓದುವರೋ ಅವನು ಉಪಾಧ್ಯಾಯ. ಹಾಗೆಯೇ ಕುಲಕ್ಕೆ ಹತ್ತಿರವಾಗಿರುವ ಪತಿಯು ಉಪಕುಲಪತಿಯೆಂದು ಇಟ್ಟುಕೊಂಡಿದ್ದರೆ ಆ ಹೆಸರಿನಲ್ಲಿಯೇ ಒಂದು ಉಪದೇಶವಿರುತ್ತಿದ್ದಿತು. ಈಗ ಉಪಸರ್ಗವು ಹೋಯಿತು. ಅದರೊಡನೆ ಸಾಮೀಪ್ಯವೂ ಹೋಗದಿರಲಿ ಎಂಬುದೇ ಪ್ರಾರ್ಥನೆ.

೪

ಇನ್ನು ಚರಿತ್ರೆಗೆ ಬರೋಣ. ೧೯೧೬ನೆಯ ಜುಲೈ ೨೭ರಂದು ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ಅದಕ್ಕೆ ಮೊದಲು ಮೈಸೂರಿನ ಮಹಾರಾಜಾ ಕಾಲೇಜೂ ಬೆಂಗಳೂರಿನ ಸೆಂಟ್ರಲ್ ಕಾಲೇಜೂ ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದುವು. ನಾಲ್ವಡಿ ಕೃಷ್ಣರಾಜ ಒಡೆಯರವರು ಛಾನ್ಸಲರು, ದಿವಾನರು ಎಂ. ವಿಶ್ವೇಶ್ವರಯ್ಯನವರು, ಮೊದಲನೆಯ ಉಪಕುಲಪತಿಗಳು ಎಚ್. ವಿ. ನಂಜುಂಡಯ್ಯನವರು. ಅವರು ೧೯೨೦ರಲ್ಲಿ ತೀರಿಕೊಳ್ಳುವವರೆಗೆ ಆ ಪದವಿಯಲ್ಲಿದ್ದರು. ಅನಂತರ ವಂಗದೇಶದ ತತ್ತ್ವಜ್ಞರಾದ ಬ್ರಜೇಂದ್ರನಾಥ ಸೀಲರು ೧೯೨೧ರಿಂದ ೧೯೩೦ರವರೆಗೆ, ಸೆಂಟ್ರಲ್ ಕಾಲೇಜಿನಿಂದ ಬಂದ ಇ. ಪಿ. ಮೆಟ್ಕಾಫರು ೧೯೩೭ರವರೆಗೆ, ಅರ್ಥಶಾಸ್ತ್ರಜ್ಞರಾದ ಎನ್. ಎಸ್. ಸುಬ್ಬರಾಯರು ೧೯೪೨ರವರೆಗೆ ಆ ಪೀಠದಲ್ಲಿದ್ದರು.

ನಮ್ಮ ವಿಶ್ವವಿದ್ಯಾನಿಲಯಗಳ ಚರಿತ್ರೆಗಳು ಬಹುಮಟ್ಟಿಗೆ ಹೀಗೆಯೇ ಬರೆಯಲ್ಪಡುತ್ತವೆ: ಇಂಥವರು ಬಂದರು, ಇಂಥ ಕಟ್ಟಡವಾಯಿತು, ಇಂಥವರು ಹೋದರು. ಶಿಲಾಶಾಸನಗಳನ್ನು ಓದುವ ಅಭ್ಯಾಸವುಳ್ಳವರಿಗೆ ಈ ರೀತಿಯು ಅಪರಿಚಿತವಲ್ಲ. ಶಾಸನದ ಆರಂಭದಲ್ಲಿ ಪ್ರಶಸ್ತಿಭಾಗವಿರುವುದು. ಅಲ್ಲಿ ಅರಸುಗಳು ಒಬ್ಬರಾದ ಮೇಲೆ ಒಬ್ಬರು ಬಂದು ಬಿರುದುಗಳನ್ನು ಹೊತ್ತು ನಿಲ್ಲುವರು. ಆದರೆ ಶಾಸನವನ್ನು ಹಾಕಿಸಿದುದು ಆ ಬಿರುದುಗಳಿಗಾಗಿ ಅಲ್ಲ. ಕೆಳಗಡೆ, ಅಕ್ಷರಗಳು ಸವೆದಿರುವೆಡೆಯಲ್ಲಿ, ಯಾವ ಗದ್ದೆ, ಯಾವ ಕೆರೆಯ ಕೆಳಗೆ, ಯಾರಿಗೆ, ಏತಕ್ಕೆ, ಸಾಕ್ಷಿಗಳು ಯಾರು, ಬರೆದವನು ಯಾರು ಎಂಬುದು ಇರುತ್ತದೆ. ಊರಿನ ನಿಜವಾದ ಚರಿತ್ರೆಯು ಅಲ್ಲಿರುವುದು. ಬಿ. ಎಲ್. ರೈಸರು ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯ ಕರ್ನಾಟಿಕದ ಒಂಬತ್ತನೆಯ ಸಂಪುಟದಲ್ಲಿ ಪ್ರಕಟಿಸಿದರು. ನಮ್ಮ ದೊಡ್ಡಬಳ್ಳಾಪುರ ಸೀಮೆಯವೂ ಅದರಲ್ಲಿ ಸೇರಿವೆ. ಅವುಗಳನ್ನು ಓದಿದವರು ಪ್ರಶಸ್ತಿಯಲ್ಲಿ ಬೇಗ ಮುಂದಕ್ಕೆ ಹೋಗಿ ದಾನಭಾಗದಲ್ಲಿ ನಿಲ್ಲುವುದನ್ನು ಕಲಿಯುತ್ತಾರೆ. ವಿಶ್ವವಿದ್ಯಾನಿಲಯದ ಚರಿತ್ರೆಯನ್ನು ಬರೆಯುವವರು ಇನ್ನೂ ಪ್ರಶಸ್ತಿಯಲ್ಲಿಯೇ ನಿಂತಿರುವರೆಂಬುದು ನನ್ನ ಆಕ್ಷೇಪ.

ಈ ದೋಷದಿಂದ ಆಗುವ ಹಾನಿಯನ್ನು ಒಂದು ನಿದರ್ಶನದಿಂದ ತೋರಿಸಬಹುದು. ನಂಜುಂಡಯ್ಯನವರು ಉಪಕುಲಪತಿಗಳಾಗುವುದಕ್ಕೆ ಒಂದು ವರ್ಷ ಮೊದಲು, ೧೯೧೫ರಲ್ಲಿ, ಸಾಹಿತ್ಯ ಪರಿಷತ್ತಿನ ಮೊದಲನೆಯ ಅಧ್ಯಕ್ಷರಾದವರು. ಮೊದಲನೆಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರೂ ಅವರೇ. ಪೀಠಾಧಿಪತಿಯಿಂದಲೇ ಎಲ್ಲವೂ ಆಗುವುದೆಂಬ ಮತವು ನಿಜವಾಗಿದ್ದರೆ, ಕನ್ನಡದಲ್ಲಿ ಎಂ. ಎ. ತರಗತಿಯು ಅವರ ಕಾಲದಲ್ಲಿಯೇ ಆರಂಭವಾಗಬೇಕಾಗಿದ್ದಿತು. ಆಗಲಿಲ್ಲ. ಅದು ಆರಂಭವಾದುದು ೧೯೨೭ರಲ್ಲಿ. ಆಗ ಉಪಕುಲಪತಿಗಳು ಕನ್ನಡಿಗರಲ್ಲದ ಸೀಲರು. ಹಾಗಾದರೆ ಕೀರ್ತಿಯು ಸೀಲರೊಬ್ಬರಿಗೇ ಸಲ್ಲುವುದೋ? ಅದೂ ಪೂರ್ಣಸತ್ಯವಲ್ಲ. ೧೯೨೬ರಿಂದ ೧೯೩೦ರವರೆಗೆ ವಿಶ್ವವಿದ್ಯಾನಿಲಯದ ರಿಜಿಸ್ಟ್ರಾರ್ ಆಗಿದ್ದವರು ಬಿ. ಎಂ. ಶ್ರೀಕಂಠಯ್ಯನವರು. ಇಂಗ್ಲಿಷ್ ಅಧ್ಯಾಪಕರಾಗಿದ್ದು, ೧೯೧೧ರಲ್ಲಿಯೇ ಧಾರವಾಡದಲ್ಲಿ ಕನ್ನಡದ ಏಳಿಗೆಯನ್ನು ಕುರಿತು ಪ್ರಸಿದ್ಧವಾದ ಉಪನ್ಯಾಸವನ್ನು ಮಾಡಿದವರು ಅವರು. ಕುಲಸಚಿವರ ಮೇಜಿನ ಮೇಲೆ ಕನ್ನಡದ ಕಾಗದವು ಅನಾಥವಾಗಿ ಬೀಳುವಂತಿರಲಿಲ್ಲ. ಅವರ ಜೊತೆಗೆ ಟಿ. ಎಸ್. ವೆಂಕಣ್ಣಯ್ಯ, ಎ. ಆರ್. ಕೃಷ್ಣಶಾಸ್ತ್ರಿ ಮೊದಲಾದ ಅಧ್ಯಾಪಕರಿದ್ದರು. ಓದಲು ಬಂದವರಲ್ಲಿ ತೀ. ನಂ. ಶ್ರೀಕಂಠಯ್ಯ, ಡಿ. ಎಲ್. ನರಸಿಂಹಾಚಾರ್, ಕೆ. ವಿ. ಪುಟ್ಟಪ್ಪ ಇಂಥವರಿದ್ದರು. ಹೇಳುವವರು ಇದ್ದರು, ಬರೆಯುವವರು ಇದ್ದರು, ಓದುವವರು ಇದ್ದರು. ಕೇಳುವ ಕುಲಪತಿಯೂ ಇದ್ದನು. ಇದು ಶೌನಕನ ಸತ್ರದ ರೀತಿ.

ನಂಜುಂಡಯ್ಯನವರಲ್ಲಿ ಉತ್ಸಾಹವು ಕಡಮೆಯಾಗಿದ್ದಿತೆಂದು ಇದರಿಂದ ಊಹಿಸುವುದು ಅನ್ಯಾಯ. ಹುಟ್ಟಿದ ಕೂಸಿಗೆ ಮೊದಲ ನಾಲ್ಕು ವರ್ಷ ಅನ್ನವನ್ನು ಊಡಿಸಿದವರು ಅವರು. ಪೋಷಣವು ಮೊದಲು, ಅಧ್ಯಾಪನವು ಅನಂತರ ಎಂಬ ಕ್ರಮವು ಲಕ್ಷಣದಲ್ಲಿಯೇ ಇದೆ. ಒಬ್ಬರ ಕಾಲದಲ್ಲಿ ಬಿತ್ತಿದುದು ಇನ್ನೊಬ್ಬರ ಕಾಲದಲ್ಲಿ ಫಲಿಸುವುದೆಂಬುದನ್ನು ಕಾಣದಂತೆ ಮಾಡುವುದೇ ಅವಧಿಗಳ ಪ್ರಕಾರ ಬರೆದ ಚರಿತ್ರೆಯ ದೋಷ.

ಮುಂದಿನ ಕಾರ್ಯಗಳಲ್ಲಿಯೂ ಇದೇ ನ್ಯಾಯವು ಕಾಣುವುದು. ಪ್ರಚಾರೋಪನ್ಯಾಸಗಳೂ ಅಗ್ಗದ ಬೆಲೆಯ ಪ್ರಚಾರ ಪುಸ್ತಕಮಾಲೆಯೂ ೧೯೩೦ರ ದಶಕದಿಂದ ಬೆಳೆದು ಮುಂದೆ ಪ್ರಸಾರಾಂಗವಾದುವು. ಇಂಗ್ಲಿಷ್ ಕನ್ನಡ ನಿಘಂಟು ೧೯೪೬ರಲ್ಲಿ ಹೊರಬಂದಿತು. ಹದಿನಾಲ್ಕು ಸಂಪುಟಗಳ ಕನ್ನಡ ವಿಶ್ವಕೋಶವು ಅನೇಕ ಕುಲಪತಿಗಳ ಕಾಲವನ್ನು ದಾಟಿ ಮುಗಿಯಿತು. ಹೊರಗಡೆ ನಮ್ಮ ಪರಿಷತ್ತಿನ ಕನ್ನಡ ನಿಘಂಟು ೧೯೪೦ರ ದಶಕದಲ್ಲಿ ತೊಡಗಿ, ಎಂಟನೆಯ ಸಂಪುಟದೊಡನೆ ೧೯೯೫ರಲ್ಲಿ ಪೂರ್ಣವಾಯಿತು. ಇಂಥ ಕಾರ್ಯಗಳ ಆಯುಸ್ಸು ಅಧಿಕಾರಿಗಳ ಅವಧಿಗಿಂತ ಬಹಳ ದೊಡ್ಡದು.

೫

ಕುಲ ಎಂಬ ಶಬ್ದವನ್ನು ಕುರಿತು ಒಂದು ಮಾತನ್ನು ಹೇಳದೆ ಮುಂದಕ್ಕೆ ಹೋಗಲಾಗದು. ಸಂಸ್ಕೃತದ ಲಕ್ಷಣದಲ್ಲಿ ಕುಲವೆಂದರೆ ಸಮೂಹ. ಕನ್ನಡದ ಕಿವಿಗೆ ಕುಲವೆಂದರೆ ಜಾತಿ. ಈ ಎರಡರ್ಥಗಳು ನಮ್ಮ ವಿದ್ಯಾಸಂಸ್ಥೆಗಳಲ್ಲಿ ಬಹುಕಾಲ ಒಂದೇ ಆಗಿದ್ದುವೆಂಬುದನ್ನು ಪಾಠಶಾಲೆಗಳಲ್ಲಿ ಓದಿದ ನನ್ನಂಥವನು ಮರೆಮಾಚುವುದು ಸಲ್ಲದು. ಹತ್ತು ಸಾವಿರ ಮಂದಿಯೆಂದು ಲಕ್ಷಣವು ಹೇಳಿದರೂ ಆ ಸಾವಿರಗಳಲ್ಲಿ ಯಾರು ಸೇರಿದ್ದರು, ಯಾರು ಬಾಗಿಲ ಹೊರಗೆ ನಿಂತಿದ್ದರು ಎಂಬುದು ಎಲ್ಲರಿಗೂ ತಿಳಿದುದೇ. ವಿಶ್ವವಿದ್ಯಾನಿಲಯವು ಹುಟ್ಟಿದ ಎರಡೇ ವರ್ಷಗಳಲ್ಲಿ, ೧೯೧೮ರಲ್ಲಿ, ಹಿಂದುಳಿದವರ ಪ್ರಾತಿನಿಧ್ಯವನ್ನು ವಿಚಾರಿಸಲು ಮೈಸೂರು ಸರ್ಕಾರವು ಮಿಲ್ಲರ್ ಸಮಿತಿಯನ್ನು ನೇಮಿಸಬೇಕಾಯಿತು.

ಆದುದರಿಂದ ೧೯೫೬ರಲ್ಲಿ ಕುವೆಂಪು ಅವರು ಉಪಕುಲಪತಿಗಳಾದುದನ್ನು ಒಬ್ಬ ಮಹಾಕವಿಗೆ ಸಂದ ಗೌರವವೆಂದಷ್ಟೇ ಎಣಿಸಬಾರದು. ಅದೇ ವಿಶ್ವವಿದ್ಯಾನಿಲಯದಲ್ಲಿ ಓದಿ, ಅಲ್ಲಿಯೇ ಪಾಠ ಹೇಳಿ, ಮಲೆನಾಡಿನ ಒಕ್ಕಲುಮನೆಯಿಂದ ಬಂದವರೊಬ್ಬರು ಕುಲಪತಿಪೀಠವನ್ನೇರಿದುದರಿಂದ ಕುಲ ಎಂಬ ಶಬ್ದವು ಕನ್ನಡದಲ್ಲಿ ತನ್ನ ಮೂಲಾರ್ಥಕ್ಕೆ ಒಂದು ಹೆಜ್ಜೆ ಹತ್ತಿರವಾಯಿತು. ಕುಕ್ಕರಹಳ್ಳಿ ಕೆರೆಯ ಬಳಿಯ ಹೊಸ ವಿದ್ಯಾಕ್ಷೇತ್ರಕ್ಕೆ ಮಾನಸಗಂಗೋತ್ರಿಯೆಂಬ ಹೆಸರನ್ನು ಕೊಟ್ಟವರೂ ಅವರೇ. ಗಂಗೋತ್ರಿಯೆಂದರೆ ನದಿಯು ಹುಟ್ಟುವ ಸ್ಥಳ. ಹುಟ್ಟಿದ ನೀರು ಕೆಳಗಿನ ಊರುಗಳಿಗೆ ಹರಿಯತಕ್ಕದ್ದು. ಬೋಧನೆಯು ಕನ್ನಡದಲ್ಲಿ ನಡೆಯಬೇಕೆಂಬ ಅವರ ವಾದಕ್ಕೂ ಈ ಹೆಸರಿಗೂ ಸಂಬಂಧವುಂಟು.

ನಮ್ಮ ಸೀಮೆಗೆ ಇನ್ನೂ ಹತ್ತಿರದ ನಿದರ್ಶನವೊಂದುಂಟು. ಸಾಸಲಿನಿಂದ ಉತ್ತರಕ್ಕೆ ಗೌರಿಬಿದನೂರು ತಾಲ್ಲೂಕಿದೆ. ಅಲ್ಲಿಯ ಹೊಸೂರಿನವರು ಎಚ್. ನರಸಿಂಹಯ್ಯನವರು. ಬಡ ಹುಡುಗನಾಗಿ ಓದಿನ ಆಸೆಯಿಂದ ಬೆಂಗಳೂರಿಗೆ ನಡೆದುಕೊಂಡೇ ಹೋದವರು. ೧೯೭೦ರ ದಶಕದಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದರು. ಬಸವನಗುಡಿಯ ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಒಂದು ಕೊಠಡಿಯೇ ಅವರ ಮನೆ. ದೈವ, ಪವಾಡಗಳ ವಿಷಯದಲ್ಲಿ ಅವರು ಹೇಳಿದುದನ್ನು ನಾನು ಒಪ್ಪುವವನಲ್ಲ. ಆದರೂ ಶಿಷ್ಯರು ಓದುವ ಧ್ವನಿಯು ಕೇಳುವಷ್ಟು ಹತ್ತಿರದಲ್ಲಿ ವಾಸಮಾಡುವುದು ಕುಲಪತಿಲಕ್ಷಣವಾದರೆ, ಆ ಲಕ್ಷಣವು ಅವರಲ್ಲಿ ಪೂರ್ಣವಾಗಿದ್ದಿತೆಂದು ಹೇಳಲೇಬೇಕು. ಮತವು ಬೇರೆಯಾದ ಮಾತ್ರಕ್ಕೆ ಲಕ್ಷಣವು ಬೇರೆಯಾಗುವುದಿಲ್ಲ.

೬

ಬೆಳವಣಿಗೆಯೆಂಬುದು ಎರಡು ವಿಧ: ಮರವು ಎತ್ತರಕ್ಕೆ ಬೆಳೆಯುವುದು ಒಂದು, ಆಲದಂತೆ ಬಿಳಲುಗಳನ್ನು ಬಿಟ್ಟು ಹರಡುವುದು ಇನ್ನೊಂದು. ಮೈಸೂರು ವಿಶ್ವವಿದ್ಯಾನಿಲಯವು ಎರಡನೆಯ ಬಗೆಯಲ್ಲಿ ಬಹಳವಾಗಿ ಬೆಳೆಯಿತು. ೧೯೬೪ರಲ್ಲಿ ಬೆಂಗಳೂರು, ೧೯೮೦ರಲ್ಲಿ ಮಂಗಳೂರು, ೧೯೮೭ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯ, ೧೯೯೬ರಲ್ಲಿ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ, ಹೀಗೆ ಬಿಳಲುಗಳು ಬೇರೂರಿದುವು. ಬೆಂಗಳೂರು ವಿಶ್ವವಿದ್ಯಾನಿಲಯವೂ ೨೦೧೭ರಲ್ಲಿ ಮೂರಾಯಿತು. ಈಚೆಗೆ ಮಂಡ್ಯ, ಹಾಸನ, ಚಾಮರಾಜನಗರಗಳಲ್ಲಿಯೂ ವಿಶ್ವವಿದ್ಯಾನಿಲಯಗಳಾದುವು. ೨೦೨೫ರಲ್ಲಿ ಇಂಥ ಹೊಸ ಸಂಸ್ಥೆಗಳನ್ನು ಉಳಿಸಬೇಕೆ, ಮುಚ್ಚಬೇಕೆ ಎಂಬ ಚರ್ಚೆಯೂ ನಡೆಯಿತು.

ಹಳ್ಳಿಯ ಮಗುವಿಗೆ ವಿಶ್ವವಿದ್ಯಾನಿಲಯವು ಹತ್ತಿರವಾಗಬೇಕೆಂಬ ಉದ್ದೇಶವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಪೀಠಗಳನ್ನು ಹೆಚ್ಚಿಸಿದಷ್ಟು ಸುಲಭವಾಗಿ ಪೋಷಣವನ್ನು ಹೆಚ್ಚಿಸಲಾಗದು. ಅಧ್ಯಾಪಕರು, ಗ್ರಂಥಭಂಡಾರ, ಧನ ಇವು ಮೂರೂ ಇಲ್ಲದೆ ಕುಲಪತಿಯ ಹೆಸರು ಮಾತ್ರ ಇರುವಲ್ಲಿ ಲಕ್ಷಣದ ಮೊದಲನೆಯ ಪದವೇ ಸಲ್ಲದಂತಾಗುವುದು. ಬಿಳಲು ನೆಲವನ್ನು ಮುಟ್ಟುವವರೆಗೆ ತಾಯಿಮರವು ಅದನ್ನು ಹೊರಬೇಕು. ಮುಟ್ಟುವ ಮೊದಲೇ ಕತ್ತರಿಸಿದರೆ ಅದು ಹಗ್ಗಕ್ಕೆ ಮಾತ್ರ ಉಪಯೋಗವಾದೀತು.

ಇನ್ನು ಅವಧಿಯ ವಿಚಾರ. ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ೨೦೦೦ದ ಅಧಿನಿಯಮದಂತೆ ಕುಲಪತಿಯ ಕಾಲವು ನಾಲ್ಕು ವರ್ಷ. ಸೀಲರಿಗೆ ಒಂಬತ್ತು ವರ್ಷವೂ ಮೆಟ್ಕಾಫರಿಗೆ ಏಳು ವರ್ಷವೂ ದೊರೆತಿದ್ದುವು. ಶೌನಕನ ಸತ್ರವು ಹನ್ನೆರಡು ವರ್ಷ. ಅವಧಿಯನ್ನು ದೀರ್ಘಮಾಡಬೇಕೆಂದು ಇಲ್ಲಿ ವಾದಿಸುತ್ತಿಲ್ಲ; ದೀರ್ಘವಾದ ಅಧಿಕಾರದಿಂದ ಆಗುವ ಕೇಡುಗಳೂ ಉಂಟು, ಕುವೆಂಪು ಅವರೂ ನಾಲ್ಕೇ ವರ್ಷ ಇದ್ದವರು. ನನ್ನ ವಾದವು ಇಷ್ಟು ಮಾತ್ರ: ಬರುವವನು ಗೊತ್ತಾಗದೆ ಹೋಗುವವನನ್ನು ಕಳುಹಿಸಬಾರದು. ಅವಧಿಯು ಮುಗಿಯುವ ದಿನವು ಪಂಚಾಂಗದಲ್ಲಿ ಗ್ರಹಣವಿದ್ದಂತೆ ಮೊದಲೇ ತಿಳಿದಿರುವುದು. ಗ್ರಹಣಕ್ಕೆ ಸಿದ್ಧರಾಗುವ ಜನರು ಇದಕ್ಕೆ ಏಕೆ ಸಿದ್ಧರಾಗಬಾರದು? ಪ್ರಭಾರ ಎಂಬ ಶಬ್ದದಲ್ಲಿರುವುದು ಭಾರ. ಅದನ್ನು ಹೊರುವವನು ತನ್ನದಲ್ಲವೆಂದು ಹೊರುವನು. ತನ್ನದಲ್ಲದ ಭಾರವನ್ನು ಹೊತ್ತವನು ಇಳಿಸುವ ಸ್ಥಳವನ್ನು ನೋಡುತ್ತಿರುವನೇ ಹೊರತು ಎದುರಿಗೆ ನಿಂತ ವಿದ್ಯಾರ್ಥಿಯನ್ನು ನೋಡಲಾರನು. ಇದು ವ್ಯಕ್ತಿಯ ದೋಷವಲ್ಲ, ವ್ಯವಸ್ಥೆಯ ದೋಷ.

ಇದಕ್ಕೆ ಪರಿಹಾರವು ಚರಿತ್ರೆಯಲ್ಲಿಯೇ ಇದೆ. ಪೀಠವು ಬದಲಾಗುತ್ತಿರುವಾಗ ಬದಲಾಗದೆ ನಿಲ್ಲುವ ಸ್ಥಾನಗಳು ಬೇಕು: ಶ್ರೀಕಂಠಯ್ಯನವರಂಥ ಕುಲಸಚಿವನು, ನಿಘಂಟಿನ ಸಂಪಾದಕನು, ಗ್ರಂಥಭಂಡಾರದ ಅಧಿಕಾರಿ, ವಿಭಾಗದ ಹಿರಿಯ ಅಧ್ಯಾಪಕ. ಇವರಿಗೆ ತಮ್ಮ ಕಾರ್ಯದಲ್ಲಿ ಸ್ವಾತಂತ್ರ್ಯವೂ ಹೊಣೆಯೂ ಇದ್ದರೆ ಕಣ್ವನು ತೀರ್ಥಕ್ಕೆ ಹೋದರೂ ಬಾಗಿಲಿಗೆ ಬಂದವರ ಕೂಗಿಗೆ ಓಗೊಡುವವರು ಇರುತ್ತಾರೆ.

೭

ಇಷ್ಟರಿಂದ ನಿಷ್ಪನ್ನವಾದುದೇನೆಂದರೆ: ಕುಲಪತಿಯ ಲಕ್ಷಣವು ಪೋಷಣ, ಅಧ್ಯಾಪನ, ಶ್ರವಣ ಎಂಬ ಮೂರರಲ್ಲಿದೆ; ವಿಶ್ವವಿದ್ಯಾನಿಲಯದ ಚರಿತ್ರೆಯನ್ನು ಈ ಮೂರರಿಂದ ಅಳೆಯಬೇಕು, ಪೀಠದಲ್ಲಿ ಕುಳಿತವರ ಪಟ್ಟಿಯಿಂದ ಅಲ್ಲ. ಮುಂದೆ ಇಂಥ ಚರಿತ್ರೆಗಳನ್ನು ಬರೆಯತಕ್ಕವರು ಗುಮಾಸ್ತರ, ಪಂಡಿತರ, ಗ್ರಂಥಪಾಲಕರ, ವಿದ್ಯಾರ್ಥಿಗಳ ಸಂಗತಿಗಳನ್ನೂ ಸಂಗ್ರಹಿಸಿ ದಾನಭಾಗವನ್ನು ಪೂರ್ಣವಾಗಿ ಓದಬೇಕೆಂದು ಪ್ರಾರ್ಥಿಸುತ್ತೇನೆ. ಸಾಹಿತ್ಯವನ್ನು ಬೋಧಿಸುವವರಿಗೂ ಒಂದು ವಿಜ್ಞಾಪನೆ: ಶಾಕುಂತಲವನ್ನು ಪಾಠ ಹೇಳುವಾಗ ಕಣ್ವನ ಅನುಪಸ್ಥಿತಿಯನ್ನು ಕಥೆಯ ಅನುಕೂಲಕ್ಕಾಗಿ ಕವಿಯು ಕಲ್ಪಿಸಿದನೆಂದು ಒಂದು ಮಾತಿನಲ್ಲಿ ಹೇಳಿ ಮುಗಿಸದೆ, ಅದರ ಭಾರವು ಯಾರ ಮೇಲೆ ಬಿದ್ದಿತೆಂಬುದನ್ನು ವಿದ್ಯಾರ್ಥಿಗಳಿಗೆ ತೋರಿಸಬೇಕು.

ಆ ವಿದ್ಯಾರ್ಥಿನಿಯ ಪ್ರಮಾಣಪತ್ರವು ಕೊನೆಗೆ ಬಂದಿತು. ಅಷ್ಟರಲ್ಲಿ ಆ ಕೆಲಸಕ್ಕೆ ಬೇರೆಯವರು ಸೇರಿಯಾಗಿದ್ದಿತು. ಈಗ ಆಕೆಯು ನಮ್ಮೂರಿನ ಚಿಕ್ಕ ಮಕ್ಕಳಿಗೆ ಸಂಜೆಯ ಹೊತ್ತು ಪಾಠ ಹೇಳುತ್ತಾಳೆ. ಅವರು ಮಗ್ಗಿಯನ್ನು ಒಪ್ಪಿಸುವ ಧ್ವನಿಯು ನನ್ನ ಜಗುಲಿಯವರೆಗೆ ಕೇಳಿಸುತ್ತದೆ. ಆಕೆಯ ಬಳಿ ಹತ್ತು ಸಾವಿರ ಮಂದಿಯಿಲ್ಲ. ಹದಿನಾಲ್ಕು ಮಂದಿ ಇದ್ದಾರೆ. ಸಂಖ್ಯೆಯೊಂದನ್ನು ಬಿಟ್ಟರೆ ಲಕ್ಷಣದಲ್ಲಿ ಬೇರೆ ಯಾವ ಕೊರತೆಯೂ ನನಗೆ ಕಾಣಲಿಲ್ಲ.